ತಯಾರಿ ಇಲ್ಲದ ಮಾತುಕತೆಯಲ್ಲಿ ಧೈರ್ಯವಾಗಿ ಮಾತಾಡೋದು ಹೇಗೆ?

ಮೀಟಿಂಗಿನಲ್ಲಿ ಸಲೀಸಾಗಿ ಮಾತಾಡುತ್ತೀರಿ. ಲಿಫ್ಟಿನಲ್ಲಿ ಯಾರಾದರೂ "ಏನ್ ಸಮಾಚಾರ?" ಅಂದರೆ ಬಾಯಿ ಕಟ್ಟುತ್ತದೆ. ಅದಕ್ಕೆ ಒಂದಷ್ಟು ವಾಕ್ಯಗಳನ್ನು ರೆಡಿ ಇಟ್ಟುಕೊಳ್ಳಬೇಕಾ, ಇಲ್ಲಾ ಭಾಷಣ ಕಲಿಸುವ ಕ್ಲಾಸಿಗೆ ಸೇರಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಡ. ನಾನು ಎರಡನ್ನೂ ಮಾಡಿದವನು. ಮೊದಲನೆಯದರಿಂದ ಒಬ್ಬ ಒಳ್ಳೆಯ ಸ್ನೇಹಿತೆಯನ್ನು ಕಳೆದುಕೊಂಡೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇವತ್ತು ಯಾರು ಎದುರಾಗಬಹುದು ಅಂತ ಊಹಿಸಿಕೊಂಡು ಮನೆಯಿಂದ ಹೊರಡುತ್ತಿದ್ದೆ. ಮೊಬೈಲಿನಲ್ಲಿ ಒಂದು ಪಟ್ಟಿಯೇ ಇತ್ತು. ಪ್ರತಿ ಹೆಸರಿನ ಮುಂದೆ ಒಂದು ಪ್ರಶ್ನೆ. ಒಬ್ಬರಿಗೆ ಮಗಳ ಪರೀಕ್ಷೆ, ಇನ್ನೊಬ್ಬರಿಗೆ ಮನೆ ಬದಲಾಯಿಸಿದ ವಿಷಯ. ನಮ್ಮ ಟೀಮಿನಲ್ಲಿ ನನ್ನ ಜೊತೆ ಹೆಚ್ಚು ಒಡನಾಟ ಇದ್ದವರ ಹೆಸರಿನ ಮುಂದೆ "ಹೊಸ ಪ್ರಾಜೆಕ್ಟ್" ಅಂತ ಬರೆದಿದ್ದೆ.

ಒಂದು ಬೆಳಗ್ಗೆ ಅವರು ಲಿಫ್ಟಿನೊಳಗೆ ಬಂದರು. ಬಾಗಿಲು ಮುಚ್ಚಿತು. ಅವರೇ ಮಾತು ಶುರು ಮಾಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ತಲೆಯನ್ನೂ ಆಡಿಸುತ್ತಿದ್ದೆ. ಒಳಗೆ ಮಾತ್ರ ನನ್ನ ಪ್ರಶ್ನೆಯನ್ನೇ ಉರು ಹೊಡೆಯುತ್ತಿದ್ದೆ. ಅವರು ನಿಲ್ಲಿಸಿದ್ದೇ ತಡ, ನಗುತ್ತಾ ಕೇಳಿದೆ: "ಮತ್ತೆ, ಹೊಸ ಪ್ರಾಜೆಕ್ಟ್ ಹೇಗೆ ನಡೀತಿದೆ?"

ಆ ಪ್ರಾಜೆಕ್ಟಿನಿಂದ ತಮ್ಮನ್ನು ತೆಗೆದುಬಿಟ್ಟರು ಅಂತಲೇ ಅವರು ಆಗ ಹೇಳಿದ್ದು. ಲಿಫ್ಟಿನಲ್ಲಿದ್ದ ಇನ್ನೊಬ್ಬರು ಸಂಜೆ ತಿಳಿಸಿದ ಮೇಲೆ ನನಗೆ ಗೊತ್ತಾಯಿತು. ಎಲ್ಲರ ಎದುರು ಬೇಕಂತಲೇ ಚುಚ್ಚಿದೆ ಅಂತ ಅವರು ಅಂದುಕೊಂಡಿದ್ದರು.

ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತೇನೋ. ನಾನು ಕ್ಷಮೆ ಕೇಳುವುದಕ್ಕೂ ವಾಕ್ಯ ಬರೆದುಕೊಂಡೆ. ಮಾರನೇ ದಿನ ಅವರ ಟೇಬಲ್ ಹತ್ತಿರ ಹೋಗಿ ಅದನ್ನು ಒಪ್ಪಿಸತೊಡಗಿದೆ. ನಡುವೆ ಅವರು ತಡೆದು ಕೇಳಿದರು: "ನಾನು ಹೇಳಿದ್ದು ನಿಮ್ಗೆ ಕೇಳಿಸ್ಲೇ ಇಲ್ವಾ?"

"ಇಲ್ಲ, ಕೇಳಿಸಲಿಲ್ಲ" ಅಂದಿದ್ದರೆ ಸಾಕಿತ್ತು. ಅದೇ ನಿಜ ಕೂಡ. ಆದರೆ ಆ ಪ್ರಶ್ನೆ ನಾನು ಬರೆದುಕೊಂಡಿದ್ದರಲ್ಲಿ ಇರಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, ಬಿಟ್ಟ ಜಾಗದಿಂದ ಉಳಿದ ವಾಕ್ಯವನ್ನು ಮುಂದುವರಿಸಿದೆ. ಅವರು ಕಂಪ್ಯೂಟರ್ ಕಡೆ ತಿರುಗಿಕೊಂಡರು. ಆಮೇಲೆ ನಮ್ಮ ನಡುವೆ ಕೆಲಸದ ಮಾತಷ್ಟೇ ಉಳಿಯಿತು. ಕೆಲವು ತಿಂಗಳ ನಂತರ ಅವರು ಬೇರೆ ಕಡೆ ಹೋದರು.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಎಷ್ಟೋ ವರ್ಷ ನಾನು "ತಪ್ಪು ಪ್ರಶ್ನೆ ರೆಡಿ ಮಾಡಿಕೊಂಡಿದ್ದೆ" ಅಂತಲೇ ತಿಳಿದಿದ್ದೆ. ಹಾಗಾಗಿ ಪಟ್ಟಿಯನ್ನು ಇನ್ನೂ ಉದ್ದ ಮಾಡಿದೆ. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ದಿನ ಕೇಳಿದ್ದರೆ ಅವರು ಖುಷಿಯಿಂದ ಉತ್ತರಿಸುತ್ತಿದ್ದರು. ಅವರು ಮಾತಾಡುತ್ತಿದ್ದ ಹೊತ್ತಿನಲ್ಲಿ ನಾನು ಬೇರೆ ವಾಕ್ಯ ಹಿಡಿದುಕೊಂಡು ಕೂತಿದ್ದೆ, ತಪ್ಪು ಅಲ್ಲಿತ್ತು. ಚೆಂಡು ಬರುವ ಮೊದಲೇ ಬ್ಯಾಟ್ ಬೀಸಿದ ಹಾಗೆ.

ನೀವು ಕೇಳಬಹುದು, ಹಾಗಾದರೆ ಉಳಿದವರು ತಯಾರಿಯೇ ಇಲ್ಲದೆ ಮಾತಾಡುತ್ತಾರಾ ಅಂತ. ಇಲ್ಲ. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಗಳನ್ನು ಹೋಲಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಒಬ್ಬರು ಪ್ರಶ್ನೆ ಮುಗಿಸಿದ ಮೇಲೆ ಇನ್ನೊಬ್ಬರು ಉತ್ತರ ಶುರು ಮಾಡುವುದಕ್ಕೆ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಸಾಕಂತೆ. ಆದರೆ ಒಂದು ಚಿತ್ರ ನೋಡಿ ಅದರ ಹೆಸರು ಹೇಳುವುದಕ್ಕೇ ಸುಮಾರು 600 ಮಿಲಿಸೆಕೆಂಡ್ ಹಿಡಿಯುತ್ತದೆ. ಅಂದರೆ ಎದುರಿನವರ ಮಾತು ಮುಗಿಯುವ ಮೊದಲೇ ಎಲ್ಲರ ತಲೆಯಲ್ಲೂ ಉತ್ತರ ತಯಾರಾಗುತ್ತಿರುತ್ತದೆ. ಉಳಿದವರು ಅದನ್ನು ಕೇಳಿಸಿಕೊಂಡ ಮಾತಿನಿಂದಲೇ ಕಟ್ಟುತ್ತಾರೆ. ನಮ್ಮಂಥವರು ಮನೆಯಿಂದ ತಂದಿರುತ್ತೇವೆ. ಅದಕ್ಕೇ ಎದುರಿನವರು ಸ್ವಲ್ಪ ದಾರಿ ಬದಲಿಸಿದರೂ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಿಮ್ಮ ಬಾಯಿ ಕಟ್ಟುವುದೂ ಹೀಗೇ ಅಂತ ನನಗೆ ಅನಿಸುತ್ತದೆ.

ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 1995ರಲ್ಲೇ ಇದನ್ನು ವಿವರಿಸಿದ್ದಾರೆ. ಜನರ ನಡುವೆ ಅಂಜುವವರ ಗಮನ ಒಳಗೆ ತಿರುಗಿರುತ್ತದೆ. ನಾನು ಹೇಗೆ ಕಾಣುತ್ತಿದ್ದೇನೆ, ದನಿ ನಡುಗುತ್ತಿದೆಯಾ ಅನ್ನುವ ಕಡೆಗೆ. ಮಾತನ್ನು ಮುಂಚೆಯೇ ಜೋಡಿಸಿಕೊಳ್ಳುವುದು ರಕ್ಷಣೆ ಅನಿಸುತ್ತದೆ, ನಿಜಕ್ಕೂ ಅಂಜಿಕೆಯನ್ನು ಉಳಿಸುವುದು ಅದೇ. ನೀವು "ಧೈರ್ಯವಾಗಿ ಮಾತಾಡೋದು ಹೇಗೆ" ಅಂತ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಸ್ವಲ್ಪ ಪಕ್ಕಕ್ಕಿಡಿ. ಅದು ನಿಮ್ಮನ್ನು ಮತ್ತೆ ನಿಮ್ಮ ಕಡೆಗೇ ನೋಡಿಕೊಳ್ಳುವಂತೆ ಮಾಡುತ್ತದೆ.

ಕ್ಲಾಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಎದ್ದು ನಿಂತು ಮಾತಾಡುವ ಅಭ್ಯಾಸ ಆಯಿತು, ಒಳ್ಳೆಯದೇ. ಆದರೆ ಅಲ್ಲಿ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಪ್ರಶ್ನೆ ಕೇಳಿ ತಡೆಯುವುದಿಲ್ಲ. ಹಾಗೆ ಅಡ್ಡಿಯಿಲ್ಲದೆ ಮಾತಾಡುವುದು ನಿಮಗೆ ಈಗಾಗಲೇ ಬರುತ್ತದಲ್ಲ.

ನನಗೆ ಕೆಲಸಕ್ಕೆ ಬಂದದ್ದು ತುಂಬಾ ಸಾದಾ ಅಭ್ಯಾಸ. ಎದುರಿನವರ ಮಾತಿನಲ್ಲಿ ಒಂದು ಪದ ಹಿಡಿದುಕೊಂಡು ಅದರ ಬಗ್ಗೆಯೇ ಕೇಳುವುದು. "ನಿನ್ನೆ ನಿದ್ದೆನೇ ಇಲ್ಲ, ಪಕ್ಕದ ಮನೆಯಲ್ಲಿ ಗಲಾಟೆ" ಅಂದರೆ, "ಯಾಕೆ, ಏನಾಯ್ತು ಅಲ್ಲಿ?" ಅಷ್ಟೇ. ಜಾಣತನದ ಉತ್ತರ ಬೇಕಿಲ್ಲ. ಹೀಗೆ ಕೇಳಬೇಕಾದರೆ ಅವರ ಮಾತು ಕಿವಿಗೆ ಬಿದ್ದಿರಲೇಬೇಕು, ಅಲ್ವಾ? ಆಮೇಲೆ ನಿಮ್ಮದೂ ಒಂದು ಮಾತು ಸೇರಿಸಿ. ಬರೀ ಪ್ರಶ್ನೆ ಕೇಳುತ್ತಾ ಹೋದರೆ ವಿಚಾರಣೆ ಮಾಡಿದ ಹಾಗಿರುತ್ತದೆ.

ಕೇಳಿಸದೇ ಹೋದರೆ "ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನಿ. ಏನೂ ಹೊಳೆಯದಿದ್ದರೆ "ಒಂದ್ನಿಮಿಷ, ಯೋಚನೆ ಮಾಡ್ತಿದ್ದೀನಿ" ಅನ್ನಿ. ಇದನ್ನು ಹೇಳುವುದಕ್ಕೆ ನಾನು ಬಹಳ ಹೆದರುತ್ತಿದ್ದೆ. ಹೇಳಿದ ಮೇಲೆ ಯಾರೂ ನನ್ನನ್ನು ಕೀಳಾಗಿ ಕಂಡಿಲ್ಲ. ನಾವು ನೆನೆಸಿಕೊಂಡಿದ್ದಕ್ಕಿಂತ ಜನ ನಮ್ಮನ್ನು ಜಾಸ್ತಿಯೇ ಇಷ್ಟಪಡುತ್ತಾರೆ. ಪರಿಚಯವಿಲ್ಲದವರನ್ನು ಜೋಡಿ ಮಾಡಿ ಮಾತಿಗೆ ಬಿಟ್ಟು ನೋಡಿದ 2018ರ ಸಂಶೋಧನೆಯಲ್ಲೂ ಇದೇ ಕಂಡುಬಂದಿತ್ತು.

ಶುರುವಿನಲ್ಲಿ ಇದಕ್ಕೆ ನಿಮ್ಮ ಮ್ಯಾನೇಜರನ್ನು ಆರಿಸಿಕೊಳ್ಳಬೇಡಿ. ಸೆಕ್ಯೂರಿಟಿಯವರು, ಕ್ಯೂನಲ್ಲಿ ಪಕ್ಕ ನಿಂತವರು, ಇಂಥವರ ಜೊತೆ ಮಾತಾಡಿ. ಮೊದಮೊದಲು ನಡುವೆ ಮೌನ ಬರುತ್ತದೆ. ಅದನ್ನು ತುಂಬುವುದಕ್ಕೆ ಓಡಬೇಡಿ, ಮುಂದಿನ ಮಾತು ಎಷ್ಟೋ ಸಲ ಅವರ ಕಡೆಯಿಂದಲೇ ಬರುತ್ತದೆ.

ಆದರೆ ಜನ ಸಿಗುತ್ತಾರೆ ಅಂತ ದಾರಿ ಬದಲಿಸುವಷ್ಟು, ಕೆಲಸಕ್ಕೆ ರಜೆ ಹಾಕುವಷ್ಟು ಹೆದರಿಕೆ ತಿಂಗಳುಗಟ್ಟಲೆ ಇದ್ದರೆ ನನ್ನ ಉತ್ತರ ನೆಚ್ಚಿಕೊಂಡು ಕೂರಬೇಡಿ. ಮನಶ್ಶಾಸ್ತ್ರಜ್ಞರನ್ನು ನೋಡಿ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅಲ್ಲೂ ಗಮನವನ್ನು ಹೊರಗೆ ತಿರುಗಿಸುವುದನ್ನು ಕಲಿಸುತ್ತಾರೆ, ಜೊತೆಗೆ ಯಾರಾದರೂ ಇರುತ್ತಾರೆ.