ನೆರಳು ಓಡುತ್ತದೆ, ಬಣ್ಣ ಒಣಗುತ್ತದೆ: ಹೊರಗೆ ಕೂತು ಚಿತ್ರ ಬರೆಯುವವರ ನಾಲ್ಕು ಪ್ರಶ್ನೆ

ಈ ಸಲ ಬಂದ ಪ್ರಶ್ನೆಗಳೆಲ್ಲ ಜಲವರ್ಣದವು. ಹಾಗಾಗಿ ಉತ್ತರಗಳೂ ಅದಕ್ಕೇ ಸೀಮಿತ.

ಬೆಳಿಗ್ಗೆ ಎಂಟಕ್ಕೆ ಗಾಂಧಿ ಬಜಾರಿನ ಹೂವಿನಂಗಡಿಗಳನ್ನು ಬರೆಯಲು ಕೂರುತ್ತೇನೆ. ಮುಗಿಸುವ ಹೊತ್ತಿಗೆ ಹತ್ತೂವರೆ, ನೆರಳೆಲ್ಲ ಬೇರೆ ಕಡೆ ಹೋಗಿರುತ್ತದೆ. ತಿದ್ದಲು ಹೋದರೆ ಬಣ್ಣ ರಾಡಿಯಾಗುತ್ತದೆ. ಫೋಟೊ ತೆಗೆದು ಮನೆಯಲ್ಲಿ ಮುಗಿಸಿದರೆ ತಪ್ಪೇ? (ಬಸವನಗುಡಿ, ಬೆಂಗಳೂರು)

ನೀವು ನೆರಳನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದೀರಿ. ತೊಂದರೆ ಇರುವುದೇ ಅಲ್ಲಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಒಂದು ಕಂಬದ ನೆರಳು ಅದರ ಎತ್ತರದ ಎರಡು ಪಟ್ಟಿಗಿಂತ ಹೆಚ್ಚಿರುತ್ತದೆ. ಹತ್ತೂವರೆಗೆ ಅದೇ ನೆರಳು ಎತ್ತರದ ಮುಕ್ಕಾಲು ಭಾಗವೂ ಇರುವುದಿಲ್ಲ. ಅಂದರೆ ನೀವು ಒಂದೇ ಹಾಳೆಯ ಮೇಲೆ ಎರಡು ಬೇರೆ ಬೆಳಗುಗಳನ್ನು ಬರೆಯುತ್ತಿದ್ದೀರಿ.

ಕೂತ ಕೂಡಲೇ ವಾಚ್ ನೋಡಿ, ಹಾಳೆಯ ಹಿಂದೆ ಸಮಯ ಬರೆದಿಡಿ. ಮೊದಲ ಹತ್ತು ನಿಮಿಷ ಇಸ್ಪೀಟ್ ಎಲೆಯಷ್ಟು ದೊಡ್ಡ ಚೌಕದಲ್ಲಿ 4ಬಿ ಪೆನ್ಸಿಲ್‌ನಿಂದ ಮೂರೇ ಟೋನ್: ಬಿಳಿ, ನಡುವಿನದು, ಕಪ್ಪು. ಕಣ್ಣು ಅರೆಮುಚ್ಚಿ ನೋಡಿದರೆ ಈ ಮೂರು ತಾವಾಗಿ ಬೇರೆಯಾಗುತ್ತವೆ. ಆಮೇಲೆ ದೊಡ್ಡ ಹಾಳೆಯಲ್ಲಿ ರೇಖೆ ಹಾಕುವಾಗ ಅಂಗಡಿಯ ಅಂಚಿನಷ್ಟೇ ಖಚಿತವಾಗಿ ನೆರಳಿನ ಅಂಚನ್ನೂ ಗುರುತಿಸಿ. ತೆಳುವಾದ ಮೊದಲ ವಾಶ್ (ನೀರು ಬೆರೆಸಿದ ಬಣ್ಣದ ಪದರ) ಒಣಗಿದ್ದೇ ತಡ, ಇಡೀ ಚಿತ್ರದ ನೆರಳನ್ನು ಒಂದೇ ಮಿಶ್ರಣದಲ್ಲಿ, ಒಂದಕ್ಕೊಂದು ಕೂಡಿಕೊಂಡಂತೆ ಹಾಕಿಬಿಡಿ: ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಚಿಟಿಕೆ ರೋಸ್. ಇಷ್ಟು ಮುಕ್ಕಾಲು ಗಂಟೆಯೊಳಗೆ ಆಗಬೇಕು. ಆಮೇಲೆ ನೆರಳು ಎಲ್ಲಿಗಾದರೂ ಹೋಗಲಿ, ಅದರ ಬೆನ್ನು ಹತ್ತಬೇಡಿ. ತಿದ್ದಲೆಂದು ನಾಲ್ಕನೇ ಪದರ ಎಳೆದಾಗ ಕೆಳಗಿನ ಬಣ್ಣ ಎದ್ದು ಬಂದು ಬೆರೆಯುತ್ತದೆ. ನೀವು ಹೇಳುವ ರಾಡಿ ಅದೇ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಇಲ್ಲಿ ನಡು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಆ ವಾರಗಳಲ್ಲಿ ಹನ್ನೊಂದರಿಂದ ಎರಡರವರೆಗೆ ರಸ್ತೆಯ ಚಿತ್ರಕ್ಕೆ ಕೈ ಹಾಕದಿರುವುದೇ ಲೇಸು.

ಫೋಟೊ ತಪ್ಪೇನಲ್ಲ, ಆದರೆ ಅದನ್ನು ಬೋರ್ಡಿನ ಅಕ್ಷರ, ವಿದ್ಯುತ್ ತಂತಿ, ಬುಟ್ಟಿಯ ಹೆಣಿಗೆಯಂಥ ವಿವರಕ್ಕೆ ಮಾತ್ರ ನಂಬಿ. ಮೊಬೈಲ್ ಕ್ಯಾಮೆರಾ ಎಷ್ಟೋ ಸಲ ನೆರಳನ್ನು ಬರೀ ಕಪ್ಪು ಮಾಡುತ್ತದೆ. ನೀಲಿ ತಾಡಪಾಲಿನಿಂದ ಇಳಿದ ಬೆಳಕು ಸೇವಂತಿಗೆ ರಾಶಿಯ ಮೇಲೆ ಬಿದ್ದದ್ದು ಅದರಲ್ಲಿ ಸಿಗದು. ಅದಕ್ಕಿಂತ ಮರುದಿನ ಅದೇ ಹೊತ್ತಿಗೆ ಹೋಗುವುದು ವಾಸಿ. ಒಂದು ವಾರದೊಳಗಾದರೆ ನೆರಳಿನ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಇನ್ನು, ಮನೆಯಲ್ಲಿ ಮುಗಿಸುವುದಕ್ಕೆ ಸಂಕೋಚ ಬೇಡ. ಫ್ರಾನ್ಸಿನ ಚಿತ್ರಕಾರ ಕ್ಲಾದ್ ಮೊನೆ 1892 ಮತ್ತು 1893ರಲ್ಲಿ ರೂಆನ್ ಊರಿನ ಕೆಥೆಡ್ರಲ್ (ದೊಡ್ಡ ಚರ್ಚು) ಎದುರಿನ ಕೋಣೆಗಳಲ್ಲಿ ನಿಂತು, ಬೆಳಕು ಬದಲಾದಂತೆ ಒಂದು ಕ್ಯಾನ್ವಾಸ್ ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದರು. ಆ ಸರಣಿಯನ್ನು ಮುಗಿಸಿದ್ದು 1894ರಲ್ಲಿ, ತಮ್ಮ ಸ್ಟುಡಿಯೊದಲ್ಲಿ.

ಕಲಬುರಗಿ ಬಿಸಿಲಿಗೆ ಬ್ರಶ್ ತಿರುಗಿ ಬರುವಷ್ಟರಲ್ಲಿ ವಾಶ್ ಒಣಗಿ ಗೆರೆ ಬೀಳುತ್ತದೆ. ಅಲ್ಲೇ ಕೂತಾಗ ಚೆನ್ನಾಗಿ ಕಂಡ ಚಿತ್ರ ಮನೆಗೆ ಬಂದ ಮೇಲೆ ಮಂಕಾಗಿ ಕಾಣುತ್ತದೆ. (ಕಲಬುರಗಿ)

ಎರಡಕ್ಕೂ ಕಾರಣ ಒಂದೇ: ನಿಮ್ಮ ಹಾಳೆ ಬಿಸಿಲಲ್ಲಿದೆ. ಬಿಸಿಲಿಗೆ ಬಿಳಿ ಹಾಳೆ ಕಣ್ಣು ಕುಕ್ಕುವಾಗ ಹಾಕಿದ ಬಣ್ಣವೆಲ್ಲ ತೆಳು ಎನಿಸಿ, ಕೈ ಗಾಢವಾಗಿ ಹಚ್ಚುತ್ತಾ ಹೋಗುತ್ತದೆ. ಮನೆಯ ಬೆಳಕಿನಲ್ಲಿ ನೋಡಿದರೆ ಕಪ್ಪು. ನೀವು ಬಿಸಿಲಲ್ಲಿ ಕೂತರೂ ಸರಿ, ಹಾಳೆ ಮತ್ತು ಪ್ಯಾಲೆಟ್ ಎರಡೂ ನೆರಳಲ್ಲಿರಲಿ. ಕೊಡೆ ಹಿಡಿಯುವುದಾದರೆ ಬಿಳಿಯದೋ ಕಪ್ಪಿನದೋ ಆಗಲಿ. ಬಣ್ಣದ ಕೊಡೆ ಹಾಳೆಗೂ ತನ್ನ ಬಣ್ಣ ಬಳಿಯುತ್ತದೆ. ತಂಪು ಕನ್ನಡಕವನ್ನು ಬಣ್ಣ ಬೆರೆಸುವಾಗ ತೆಗೆದಿಡಿ.

ಒಣಗುವುದನ್ನು ನಿಧಾನಿಸಲು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಹಾಳೆಯ ಎರಡೂ ಬದಿಗೆ ಸ್ಪಂಜಿನಿಂದ ನೀರು ಕುಡಿಸಿ, ಪ್ಲಾಸ್ಟಿಕ್ ಅಥವಾ ಅಕ್ರಿಲಿಕ್ ಹಲಗೆಯ ಮೇಲೆ ಅಂಟಿದಂತೆ ಹರಡಿ. ಹಿಂದಿನ ತೇವ ಮೇಲೇರುತ್ತಿರುವುದರಿಂದ ಒಳ್ಳೆಯ ಅವಧಿಯೇ ಸಿಗುತ್ತದೆ. ಪ್ಲೈವುಡ್ ಬೇಡ, ಅದೇ ನೀರು ಕುಡಿಯುತ್ತದೆ. 11×15 ಇಂಚಿನ ಹಾಳೆಯ ಆಕಾಶಕ್ಕೆ ಎರಡು ದೊಡ್ಡ ಚಮಚದಷ್ಟು ಬಣ್ಣದ ನೀರನ್ನು ಮೊದಲೇ ಕಲಸಿಟ್ಟುಕೊಳ್ಳಿ. ಅರ್ಧದಲ್ಲಿ ಮತ್ತೆ ಕಲಸಲು ನಿಂತರೆ ಆ ಗೆರೆ ಬಂದೇ ಬರುತ್ತದೆ. ಒಂದೂವರೆ ಇಂಚಿನ ಚಪ್ಪಟೆ ಬ್ರಶ್, ಹಲಗೆ 15 ಡಿಗ್ರಿ ಓರೆ, ಹಚ್ಚಿದ ಬಣ್ಣದ ಕೆಳಗಿನ ಅಂಚಿನಲ್ಲಿ ಸದಾ ಒಂದು ನೀರಿನ ಮಣಿ ನಿಂತಿರಲಿ. 100 ಮಿಲಿ ನೀರಿಗೆ ಎರಡು ಮೂರು ಹನಿ ಗ್ಲಿಸರಿನ್ ಸೇರಿಸಿದರೂ ಅನುಕೂಲ. ಹೆಚ್ಚಾದರೆ ಮಾತ್ರ ಬಣ್ಣ ಅಂಟಂಟಾಗಿ, ಮೇಲೆ ಧೂಳು ಕೂರುತ್ತದೆ. ನೀರು ಅರ್ಧ ಲೀಟರಿನ ಎರಡು ಬಾಟಲಿ ಬೇಕು, ತೊಳೆಯಲು ಒಂದು, ಕಲಸಲು ಒಂದು.

ಕರಾವಳಿ, ಮಲೆನಾಡಿನವರದು ಇದರ ತಿರುಗಾಮುರುಗಾ ಕಷ್ಟ. ಮಳೆಗಾಲದಲ್ಲಿ ಎರಡು ಪದರದಲ್ಲೇ ಮುಗಿಯುವ ಚಿತ್ರ ಯೋಚಿಸಿ. ಬಣ್ಣ ಹಾಕಿದ ಕೂಡಲೇ ಅಲ್ಲಲ್ಲಿ ಚುಕ್ಕೆಯಂತೆ ಹೀರಿಕೊಂಡರೆ ಹಾಳೆ ನೀರು ಹೀರದಂತೆ ಅದಕ್ಕೆ ಹಚ್ಚಿದ ಅಂಟು ತೇವಕ್ಕೆ ಕೆಟ್ಟಿದೆ ಎಂದರ್ಥ. ಅದನ್ನು ಅಭ್ಯಾಸಕ್ಕೆ ಬಿಡಿ.

ತೋಟ, ಗದ್ದೆ, ಗುಡ್ಡ ಎಲ್ಲ ಒಂದೇ ಹಸಿರಾಗುತ್ತದೆ. (ಸಾಗರ)

ಟ್ಯೂಬಿನ ಹಸಿರನ್ನು ಒಂದು ತಿಂಗಳು ಮನೆಯಲ್ಲೇ ಬಿಡಿ. ನಾಟಿಯಾದ ಗದ್ದೆಗೆ ಲೆಮನ್ ಯೆಲ್ಲೊ ಐದು ಪಾಲು, ಥ್ಯಾಲೊ ನೀಲಿ ಒಂದು ಪಾಲಿಗೂ ಕಡಿಮೆ; ಈ ನೀಲಿ ಒಂದು ಹನಿಗೇ ಎಲ್ಲವನ್ನೂ ನುಂಗುತ್ತದೆ. ಅಡಿಕೆ ತೋಟಕ್ಕೆ ಗ್ಯಾಂಬೋಜ್ ಹಳದಿ ಮತ್ತು ಅಲ್ಟ್ರಾಮರೀನ್, ಅದರ ಒಳಗತ್ತಲೆಗೆ ಬರ್ನ್ಟ್ ಸಿಯೆನ್ನಾ. ಸೋಗೆಯನ್ನು ಗಮನಿಸಿ ನೋಡಿ: ಮೇಲ್ಮೈ ಆಕಾಶವನ್ನು ಪ್ರತಿಫಲಿಸಿ ನೀಲಿ ಬೂದಿಯಂತೆ ಮಿನುಗುತ್ತದೆ, ಬೆನ್ನಿಗೆ ಬಿಸಿಲಿದ್ದ ಸೋಗೆ ಮಾತ್ರ ಹಳದಿ ಹಸಿರು. ಹಸಿರು ಒಂದೇ ಆಗುವುದು ಈ ಎರಡನ್ನು ಬೇರೆ ಮಾಡದೆ ಹೋದಾಗ. ದೂರದ ಗುಡ್ಡಕ್ಕೆ ಹಸಿರೇ ಬೇಡ. ಅಲ್ಟ್ರಾಮರೀನ್, ರೋಸ್, ಬಹಳ ನೀರು. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ನೋಡಲು ಸಿಕ್ಕರೆ ಬಿಡಬೇಡಿ, ದೂರ ಎಂಬುದನ್ನು ಅಲ್ಲಿ ಕಲಿಯಬಹುದು.

ರೋಸ್ ಕೊಳ್ಳುವಾಗ ಟ್ಯೂಬಿನ ಮೇಲೆ ಪಿವಿ 19 ಎಂಬ ವರ್ಣದ್ರವ್ಯದ ಸಂಕೇತವಿರಲಿ. ಪಿಆರ್ 83 ಎಂದಿರುವ ಅಲಿಜರಿನ್ ಕೆಂಪು ಬೆಳಕಿಗೆ ಮಾಸುತ್ತದೆ.

ದುರ್ಗದಬೈಲಿನ ಸಂತೆಯಂಥ ಗದ್ದಲ ಬರೆಯುವಾಗ ಜನ ಗಾಳಿಯಲ್ಲಿ ತೇಲಿದಂತೆ ಕಾಣ್ತಾರ್ರೀ. (ಹುಬ್ಬಳ್ಳಿ)

ತಲೆಗಳನ್ನೆಲ್ಲ ದಿಗಂತ ರೇಖೆಗೆ (ಅಂದರೆ ನಿಮ್ಮ ಕಣ್ಣಿನ ಎತ್ತರದ ಗೆರೆಗೆ) ಹೊಂದಿಸಿ ಎಂಬ ಸೂತ್ರವನ್ನು ನೀವು ಓದಿರಬಹುದು. ಅದು ನಿಂತು ಬರೆಯುವವರಿಗೆ. ಮಡಿಸುವ ಸ್ಟೂಲಿನ ಮೇಲೆ ಕೂತರೆ ನಿಮ್ಮ ಕಣ್ಣು ನೆಲದಿಂದ ನಾಲ್ಕು ಅಡಿಯೊಳಗೆ ಇರುತ್ತದೆ. ಆಗ ಸಮತಟ್ಟು ರಸ್ತೆಯಲ್ಲಿ ಹತ್ತಿರದವರಿರಲಿ ದೂರದವರಿರಲಿ, ನಿಂತವರೆಲ್ಲರ ಎದೆಯ ಕೆಳಭಾಗದಲ್ಲಿ ಆ ರೇಖೆ ಹಾಯಬೇಕು. ತಲೆ ಮೇಲಕ್ಕಿರುತ್ತದೆ, ದೂರ ಹೋದಂತೆ ಪಾದ ಮೇಲೇರುತ್ತದೆ. ಮೊದಲು ರೇಖೆ, ಅದರ ಮೇಲೆ ತಲೆ, ಕೊನೆಗೆ ಕಾಲು. ಪಾದಕ್ಕೆ ಅಂಟಿಕೊಂಡ ನೆರಳು ಬರೆದರೆ ತೇಲುವುದು ನಿಲ್ಲುತ್ತದೆ. ನೀವು ಕೂರುವಾಗ ಬೆನ್ನಿಗೊಂದು ಗೋಡೆ ಇರಲಿ, ಇಲ್ಲದಿದ್ದರೆ ನೋಡಲು ನಿಂತವರ ನೆರಳೇ ಹಾಳೆಯ ಮೇಲೆ ಬೀಳುತ್ತದೆ. ಅಂಗಡಿಯವರನ್ನು ಕೇಳಿಯೇ ಕೂಡ್ರಿ. ವ್ಯಾಪಾರದ ದಾರಿಗೆ ಅಡ್ಡ ಆಗದಿದ್ದರೆ ಬೇಡ ಅನ್ನುವವರು ಕಡಿಮೆ.