10 ವರ್ಷದ ಮಗಳ ಎದೆಯಲ್ಲಿ ಸಣ್ಣ ಗಂಟು, ಜೊತೆಗೆ ಲಿಪ್‌ಸ್ಟಿಕ್ ಬೇಕೆಂಬ ಹಟ. ಏನು ಮಾಡಲಿ?

ಮೊದಲು ಗಂಟಿನ ವಿಷಯ ಹೇಳ್ತೀನಿ, ಯಾಕಂದ್ರೆ ನಿಮ್ಮ ಭಯ ಅಲ್ಲೇ ಇದೆ. ಒಂದೇ ಕಡೆ, ತೊಟ್ಟಿನ ಕೆಳಗೆ, ಒತ್ತಿದರೆ ನೋವು ಅಂತ ಬರೆದಿದ್ದೀರಿ. ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಅದು ಎದೆ ಬೆಳೆಯಲು ಶುರುವಾದ ಗುರುತು. ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಿ ಬರಬಹುದು. ನನ್ನ ಮಗಳಿಗೂ ಹಾಗೇ ಆಗಿತ್ತು. ತನಗೆ ಏನೋ ಕಾಯಿಲೆ ಅಂದುಕೊಂಡು ತುಂಬಾ ಹೆದರಿದ್ದಳು. ಆ ಜಾಗ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ರಕ್ತ ಬಂದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ. ಓಡುವಾಗ ನೋವಾಗುತ್ತದೆ, ಮೆತ್ತಗಿನ ಹತ್ತಿ ಸ್ಲಿಪ್ ಕೊಡಿಸಿ. ಆರಿಸೋದು ಅವಳೇ ಆಗಲಿ.

ಈ ಬದಲಾವಣೆ ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಶುರುವಾಗುತ್ತದೆ. ಅದಾಗಿ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮುಟ್ಟು. ಅಂದರೆ ಅವಳ ಮೈ ನಿಮಗೆ ಮೊದಲೇ ಸೂಚನೆ ಕೊಟ್ಟಿದೆ. ಮುಟ್ಟಾದ ದಿನ ಹೇಳಿದರಾಯ್ತು ಅಂತ ಕಾಯಬೇಡಿ. ಈಗಲೇ ಹೇಳಿ.

ಒಂದೇ ದಿನ ಕೂರಿಸಿಕೊಂಡು ಎಲ್ಲಾ ಹೇಳಬೇಕಿಲ್ಲ. ಬಟ್ಟೆ ಮಡಚುವಾಗ, ಎಲ್ಲಿಗಾದರೂ ಹೋಗುವಾಗ ಸ್ವಲ್ಪ ಸ್ವಲ್ಪ ಹೇಳಿ. ಮುಟ್ಟಿಗೆ ಕೆಲವು ತಿಂಗಳು ಮೊದಲು ಬಿಳಿ ಹೋಗಬಹುದು. ಮೊದಲ ಸಲ ರಕ್ತ ಕೆಂಪಗೇ ಇರಬೇಕೆಂದಿಲ್ಲ, ಕಂದು ಕಲೆಯ ಹಾಗೂ ಇರಬಹುದು. ಇದನ್ನು ಯಾರೂ ಹೇಳೋದಿಲ್ಲ, ಮಕ್ಕಳು ಗುರುತಿಸಲಾಗದೆ ಗಾಬರಿಯಾಗ್ತಾರೆ. ಪ್ಯಾಡ್ ಅಂಟಿಸೋದು ಮನೆಯಲ್ಲೇ ಅಭ್ಯಾಸ ಮಾಡಿಸಿ, ಶಾಲೆ ಬ್ಯಾಗಿನಲ್ಲಿ ಒಂದೆರಡು ಇಡಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಅಪ್ಪನಿಗೂ ಇದೆಲ್ಲ ಗೊತ್ತಿರಲಿ. ನೀವು ಮನೆಯಲ್ಲಿ ಇಲ್ಲದ ದಿನವೇ ಆಗಬಹುದು ಅಲ್ವಾ?

ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುತ್ತದೆ. 21ರಿಂದ 45 ದಿನದ ಅಂತರ ಈ ವಯಸ್ಸಿಗೆ ಸರಿಯೇ. ಆದರೆ ಗಂಟೆ ಎರಡು ಗಂಟೆಗೆ ಪ್ಯಾಡ್ ಪೂರ್ತಿ ನೆನೆದರೆ, 7 ದಿನ ದಾಟಿದರೂ ನಿಲ್ಲದಿದ್ದರೆ, ನೋವಿನಿಂದ ಶಾಲೆ ತಪ್ಪುತ್ತಿದ್ದರೆ ‘ಸಹಿಸ್ಕೋ’ ಅನ್ನಬೇಡಿ, ಡಾಕ್ಟರ ಹತ್ತಿರ ಹೋಗಿ. 15 ವರ್ಷ ತುಂಬಿದರೂ ಮುಟ್ಟಾಗದಿದ್ದರೆ ಆಗಲೂ ತೋರಿಸಬೇಕು.

ಇನ್ನು ಲಿಪ್‌ಸ್ಟಿಕ್. ನಾನಾಗಿದ್ದರೆ ಬೇಡ ಅನ್ನೋ ಮೊದಲು ಯಾಕೆ ಬೇಕು ಅಂತ ಕೇಳ್ತೀನಿ. ಬಣ್ಣ ಇಷ್ಟ, ಗೆಳತಿ ಹಚ್ಚುತ್ತಾಳೆ ಅಂದರೆ ಅದು ಆಟ. ರಜಾದಿನ ಮನೆಯಲ್ಲಿ ಹಚ್ಚಲಿ, ಶಾಲೆಗೆ ಬೇಡ. ಹೊಸದೇನೇ ಆದರೂ ಮೊದಲು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಮಲಗುವ ಮುಂಚೆ ಎಲ್ಲಾ ತೆಗೆಯಬೇಕು. ಕಾಡಿಗೆ, ಮಸ್ಕಾರಾ ಯಾರ ಜೊತೆಗೂ ಹಂಚಿಕೊಳ್ಳಬಾರದು, ಕಣ್ಣಿನ ಸೋಂಕು ಹಾಗೇ ಹರಡುತ್ತದೆ. ದಿನಕ್ಕೆ ಎರಡು ಸಲ ಮುಖ ತೊಳೆಯೋದು, ಬಿಸಿಲಿಗೆ ಎಸ್‌ಪಿಎಫ್ 30 ಸನ್‌ಸ್ಕ್ರೀನ್, ಅವಳ ಚರ್ಮಕ್ಕೆ ಇಷ್ಟು ಸಾಕು. ದೊಡ್ಡವರು ಸುಕ್ಕಿಗೆ ಹಚ್ಚುವ ರೆಟಿನಾಲ್ ಕ್ರೀಮ್ ಬೇಡವೇ ಬೇಡ.

ಆದರೆ ‘ನಾನು ಕಪ್ಪು, ಅದಕ್ಕೆ’ ಅಂತ ಅವಳು ಹೇಳಿದರೆ ಲಿಪ್‌ಸ್ಟಿಕ್ ಮಾತು ಬಿಟ್ಟುಬಿಡಿ. ಹಾಗಂತ ಹೇಳಿದ್ದು ಯಾರು ಅಂತ ಕೇಳಿ. ಮನೆಯವರೇ ಆಗಿದ್ದರೆ, ಅವಳ ಎದುರಿಗೇ ಅವರನ್ನು ತಡೆಯಿರಿ. ಬಿಳಿಯಾಗಿಸುವ ಕ್ರೀಮ್ ಅಂತೂ ತರಲೇಬೇಡಿ. ಕೆಲವದರಲ್ಲಿ ಪಾದರಸ, ಸ್ಟೀರಾಯ್ಡ್ ಸಿಕ್ಕಿರುವುದುಂಟು.