ಹಂಗರ್ ಗೇಮ್ಸ್ ಮುಗಿಯಿತು, ಮುಂದೆ ಯಾವ ಸರಣಿ ಓದಲಿ?

ನಿಮ್ಮ ಪ್ರಶ್ನೆ ಓದಿದೆ. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದಿದೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷಿನಲ್ಲಿ ಪೂರ್ತಿ ಓದಿದ ಮೊದಲ ಸರಣಿ ಹಂಗರ್ ಗೇಮ್ಸ್. ಮೂರೂ ಪುಸ್ತಕ ಮುಗಿದ ಮೇಲೆ ಮನಸ್ಸೆಲ್ಲಾ ಖಾಲಿ ಖಾಲಿ ಅನ್ನಿಸುತ್ತಿದೆ. ಮುಂದಕ್ಕೆ ಸೈದ್, ಲೂನಾರ್ ಕ್ರಾನಿಕಲ್ಸ್, ಮೇಜ್ ರನ್ನರ್ ಈ ಮೂರರಲ್ಲಿ ಯಾವುದು, ಇಲ್ಲಾ ಬೇರೆ ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಏಳನೇ ಕ್ಲಾಸಿನ ತಮ್ಮನಿಗೂ ಒಂದು ಪುಸ್ತಕ ಹೇಳಿ ಅಂದಿದ್ದೀರಿ.

ಸೈದ್ ಓದಿ. ನಾನೂ ನಿಮ್ಮ ಹಾಗೇ ಕನ್ನಡ ಮಾಧ್ಯಮದಿಂದ ಬಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಈ ಪುಸ್ತಕಗಳನ್ನು ಓದಿದವನು. ಹಾಗಾಗಿ ಕಾರಣವನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ವಿಷಯ ನಿಮ್ಮನ್ನೇ ಕೇಳಿಕೊಳ್ಳಿ. ಹಂಗರ್ ಗೇಮ್ಸಿನಲ್ಲಿ ನಿಮ್ಮನ್ನು ಹಿಡಿದು ಕೂರಿಸಿದ್ದು ಯಾವುದು? ಒಬ್ಬರನ್ನೊಬ್ಬರು ಕೊಲ್ಲಲಿ ಅಂತ 24 ಮಕ್ಕಳನ್ನು ಅಖಾಡಕ್ಕೆ ಬಿಟ್ಟ ಮೇಲಿನ ಓಟ, ಬೇಟೆ, ಭಯವಾ? ಇಲ್ಲಾ ಅದಕ್ಕೂ ಮೊದಲೇ ಬರುವ ಟೆಸೆರಾ ಲೆಕ್ಕವಾ? ನೆನಪಿದೆ ಅಲ್ವಾ, ಅಖಾಡಕ್ಕೆ ಯಾರು ಹೋಗಬೇಕು ಅಂತ ಚೀಟಿ ಎತ್ತುವ ಗಾಜಿನ ಪಾತ್ರೆಗೆ ತನ್ನ ಹೆಸರನ್ನು ಇನ್ನೊಂದು ಸಲ ಹಾಕಿಸಿದರೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಕಾಳು, ಎಣ್ಣೆ ಸಿಗುತ್ತದೆ. ಹಾಗಾಗಿ ಕಥೆಯ ನಾಯಕಿ, 16 ವರ್ಷದ ಕ್ಯಾಟ್ನಿಸ್ ಹೆಸರು 20 ಸಲ ಇರುತ್ತದೆ. ಅವಳ ಗೆಳೆಯ ಗೇಲ್ ಹೆಸರು 42 ಸಲ. ಮೇಯರ್ ಮಗಳದು ಐದೇ ಐದು. ಚೀಟಿ ಎತ್ತುವಾಗ ಯಾರಿಗೂ ಮೋಸ ಇಲ್ಲ ಅನ್ನುತ್ತಾರೆ. ಆದರೆ ಹಸಿದವರ ಚೀಟಿಯೇ ಜಾಸ್ತಿ. ಆ ಪುಟ ಓದುವಾಗ ನನಗೆ ಅಪ್ಪನ ಜೊತೆ ನ್ಯಾಯಬೆಲೆ ಅಂಗಡಿ ಮುಂದೆ ಸೀಮೆಎಣ್ಣೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದು ನೆನಪಾಯಿತು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಈ ಬಗೆಯ ಸರಣಿಗಳು ಹೆಚ್ಚಾಗಿ ಒಂದು ನಿಯಮದ ಮೇಲೆ ನಿಂತಿರುತ್ತವೆ. ಡೈವರ್ಜೆಂಟ್‌ನಲ್ಲಿ 16 ತುಂಬಿದವರು ಐದು ಪಂಗಡಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅಗ್ಲೀಸ್‌ನಲ್ಲಿ 16 ತುಂಬಿದರೆ ಆಪರೇಷನ್ ಮಾಡಿ ಎಲ್ಲರನ್ನೂ ಚೆಂದ ಮಾಡುತ್ತಾರೆ. ಮೊದಲ ಪುಸ್ತಕದಲ್ಲಿ ಆ ನಿಯಮವೇ ಹೊಸದು, ಅದಕ್ಕೇ ಓದಿಸಿಕೊಂಡು ಹೋಗುತ್ತದೆ. ನಿಜವಾದ ಪರೀಕ್ಷೆ ಎರಡನೇ ಪುಸ್ತಕದ್ದು. ಆ ನಿಯಮದಿಂದ ಯಾರಿಗೆ ಲಾಭ, ಅದನ್ನು ಯಾರು ಕಾಯುತ್ತಿದ್ದಾರೆ, ಅದು ಮುರಿದರೆ ಏನಾಗುತ್ತದೆ ಅನ್ನುವುದು ಅಲ್ಲಿ ಬರಬೇಕು. ಬರದಿದ್ದರೆ ಬರೀ ಓಟ, ಗುಂಡು, ತಪ್ಪಿಸಿಕೊಳ್ಳುವುದು ಇಷ್ಟೇ ಉಳಿಯುತ್ತದೆ. ಅದಕ್ಕೇ ನಾನು ಯಾರಿಗೇ ಸರಣಿ ಹೇಳುವಾಗಲೂ ಎರಡನೇ ಪುಸ್ತಕ ನೋಡಿ ಹೇಳುತ್ತೇನೆ.

ಈಗ ಸೈದ್ ವಿಷಯ. ಬರೆದವರು ಅಮೆರಿಕದ ನೀಲ್ ಶಸ್ಟರ್‌ಮನ್. ಸೈದ್ 2016ರಲ್ಲಿ, ಥಂಡರ್‌ಹೆಡ್ 2018ರಲ್ಲಿ, ದಿ ಟೋಲ್ 2019ರಲ್ಲಿ ಬಂದವು. ಈ ಲೋಕದಲ್ಲಿ ಸಾವನ್ನು ಗೆದ್ದಾಗಿದೆ. ರೋಗ ಇಲ್ಲ. ವಯಸ್ಸಾದವರು ಮತ್ತೆ ಹರೆಯಕ್ಕೆ ಮರಳಬಹುದು. ಕಟ್ಟಡದ ಮೇಲಿಂದ ಬಿದ್ದು ಸತ್ತರೂ ಆಸ್ಪತ್ರೆಗೆ ಒಯ್ದು ಕೆಲವೇ ದಿನದಲ್ಲಿ ಎಬ್ಬಿಸಿ ಕಳಿಸುತ್ತಾರೆ. ಹೀಗಾದರೆ ಜನಸಂಖ್ಯೆ ಎಲ್ಲಿಗೆ ಮುಟ್ಟಬೇಕು? ಅದಕ್ಕಾಗಿ ಒಂದಷ್ಟು ಜನರಿಗೆ ಕೊಲ್ಲುವ ಕೆಲಸ ಕೊಟ್ಟಿದ್ದಾರೆ. ಅವರೇ ಸೈದ್‌ಗಳು. ವರ್ಷಕ್ಕೆ ಒಬ್ಬೊಬ್ಬರು 260 ಜನರನ್ನು ಕೊಲ್ಲಬೇಕು. ಪಕ್ಷಪಾತ ಇರಬಾರದು, ದ್ವೇಷ ಇರಬಾರದು. ಕೊಲ್ಲುವುದಕ್ಕೆ ಕೊಲ್ಲುವುದು ಅಂತ ಅಲ್ಲಿ ಯಾರೂ ಅನ್ನುವುದಿಲ್ಲ, ಗ್ಲೀನಿಂಗ್ ಅನ್ನುತ್ತಾರೆ.

ಈ ಪದದ ಹತ್ತಿರ ಒಂದು ನಿಮಿಷ ನಿಲ್ಲುತ್ತೇನೆ. ಸೈದ್ ಅಂದರೆ ಉದ್ದ ಹಿಡಿಯ ಕುಡುಗೋಲು ಅಂತ ಡಿಕ್ಷನರಿಯಲ್ಲಿ ಸಿಕ್ಕಿತು. ಗ್ಲೀನ್ ಅಂದರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆರಿಸುವುದು ಅಂತ ಇತ್ತು. ಅಯ್ಯೋ, ಇದು ನಮ್ಮ ಹಕ್ಕಲು! ನಮ್ಮಜ್ಜಿ ಚಿಕ್ಕವಳಿದ್ದಾಗ ಕಂಡವರ ಹೊಲದಲ್ಲಿ ಹಕ್ಕಲು ಆರಿಸಿ ಮಡಿಲಲ್ಲಿ ರಾಗಿ ತೆನೆ ತುಂಬಿಕೊಂಡು ಬರುತ್ತಿದ್ದಳಂತೆ. ಹೊಟ್ಟೆ ತುಂಬಿಸುವ ಕೆಲಸದ ಹೆಸರನ್ನು ತಂದು ಕೊಲೆಗೆ ಇಟ್ಟಿದ್ದಾರೆ. ಇಷ್ಟು ಮೆತ್ತಗಿನ ಪದ ಇಟ್ಟುಕೊಂಡರೆ ಎಂಥ ಕೆಲಸವನ್ನೂ ಮಾಡಬಹುದು ಅನ್ನುವುದೇ ಈ ಕಥೆಯ ಹೊಟ್ಟೆಯೊಳಗಿರುವ ವಿಷಯ. ಹಕ್ಕಲು ಅನ್ನುವ ಪದ ಗೊತ್ತಿರುವವರಿಗೆ ಅದು ಬೇಗ ತಟ್ಟುತ್ತದೆ.

ಮೊದಲ ಅಧ್ಯಾಯ ಹೇಗಿದೆ ನೋಡಿ. ನವೆಂಬರಿನ ಚಳಿ, ಸಂಜೆ ಹೊತ್ತು. ಸಿಟ್ರಾ ಅನ್ನುವ ಹುಡುಗಿ ಊಟದ ಮೇಜಿನ ಮೇಲೆ ಬೀಜಗಣಿತದ ಲೆಕ್ಕದ ಜೊತೆ ಒದ್ದಾಡುತ್ತಿದ್ದಾಳೆ. ಬಾಗಿಲಲ್ಲಿ ಸೈದ್ ಫ್ಯಾರಡೆ ಬಂದು ನಿಲ್ಲುತ್ತಾರೆ. ಒಳಗೆ ಕರೆಯದೆ ಇರುವಂತಿಲ್ಲ. ಅವರು ಮನೆಯವರ ಜೊತೆಗೇ ಕೂತು ಊಟ ಮಾಡುತ್ತಾರೆ. ಅಪ್ಪ, ಅಮ್ಮ, ತಮ್ಮ, ಸಿಟ್ರಾ ನಾಲ್ವರಿಗೂ ಒಂದೇ ಯೋಚನೆ, ಇವತ್ತು ನಮ್ಮಲ್ಲಿ ಯಾರು? ಬಂದವರಿಗೆ ಬಡಿಸುವುದು, ಇನ್ನಷ್ಟು ಹಾಕಿಸಿಕೊಳ್ಳಿ ಅನ್ನುವುದು, ಆ ಕೈ ನಡುಗುವುದು. ಕೊನೆಗೆ ನೋಡಿದರೆ ಅವರು ಬಂದಿದ್ದು ಪಕ್ಕದ ಮನೆಯವಳಿಗಾಗಿ. ಆಕೆ ಇನ್ನೂ ಮನೆಗೆ ಬಂದಿರಲಿಲ್ಲ, ಹಸಿವಾಗಿತ್ತು, ಅದಕ್ಕೆ ಇಲ್ಲಿ ಬಂದು ಊಟಕ್ಕೆ ಕೂತರು. ಆ ಮನೆಯವರಿಗೆ ಆಗುವ ನಿರಾಳ, ಅದರ ಬೆನ್ನಿಗೇ ಬರುವ ನಾಚಿಕೆ, ಎರಡನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದಾರೆ.

ಇನ್ನೊಬ್ಬ ರೋವನ್. ಅವನ ಸ್ಕೂಲಿಗೆ ಅದೇ ಸೈದ್ ಬರುತ್ತಾರೆ, ಫುಟ್ಬಾಲ್ ಆಡುವ ಒಬ್ಬ ಹುಡುಗನಿಗಾಗಿ. ರೋವನ್‌ಗೂ ಆ ಹುಡುಗನಿಗೂ ಅಂಥ ಗೆಳೆತನವೇನೂ ಇಲ್ಲ. ಆದರೂ ಅವನೊಬ್ಬನೇ ಸಾಯಬಾರದು ಅಂತ ಒಳಗೆ ಹೋಗಿ ಕೈ ಹಿಡಿದು ಪಕ್ಕದಲ್ಲಿ ಕೂರುತ್ತಾನೆ. ಮಾರನೇ ದಿನದಿಂದ ಸ್ಕೂಲಿನವರೆಲ್ಲಾ ಅವನಿಗೆ ಬೆನ್ನು ತಿರುಗಿಸುತ್ತಾರೆ, ಸೈದ್ ಜೊತೆ ಸೇರಿಕೊಂಡಿದ್ದ ಅನ್ನುವ ಗುಮಾನಿ. ಈ ಇಬ್ಬರನ್ನೂ ಫ್ಯಾರಡೆ ಶಿಷ್ಯರನ್ನಾಗಿ ತೆಗೆದುಕೊಳ್ಳುತ್ತಾರೆ. ಇಬ್ಬರಿಗೂ ಆ ಕೆಲಸ ಬೇಡ. ಬೇಡ ಅನ್ನುವವರಿಗೇ ಇದು ಸರಿ ಅನ್ನುವುದು ಅವರ ಲೆಕ್ಕ. ಮುಂದಿನದು ನೀವೇ ಓದಿ.

ಎರಡನೇ ಪುಸ್ತಕಕ್ಕೆ ಬಂದರೆ, ಥಂಡರ್‌ಹೆಡ್ ಅಂದರೆ ಆ ಲೋಕವನ್ನು ನಡೆಸುವ ಕೃತಕ ಬುದ್ಧಿ. ನಮ್ಮ ಕಾಲದ ಕ್ಲೌಡ್ ಬೆಳೆದು ಬೆಳೆದು ಅದಾಗಿದೆ. ಸಾಮಾನ್ಯವಾಗಿ ಕಥೆಗಳಲ್ಲಿ ಇಂಥ ಯಂತ್ರ ಕೆಟ್ಟದ್ದು. ಇಲ್ಲಿ ಅದು ನಿಜಕ್ಕೂ ಒಳ್ಳೆಯದು. ಪ್ರತಿಯೊಬ್ಬರನ್ನೂ ಮಕ್ಕಳ ಹಾಗೆ ನೋಡಿಕೊಳ್ಳುತ್ತದೆ. ಆದರೆ ಸೈದ್‌ಗಳ ವ್ಯವಹಾರದಲ್ಲಿ ಅದು ಬಾಯಿ ಹಾಕುವಂತಿಲ್ಲ ಅನ್ನುವ ಕಾನೂನಿದೆ. ಸೈದ್‌ಗಳಲ್ಲಿ ಕೆಲವರಿಗೆ ಕೊಲ್ಲುವುದರಲ್ಲೇ ಖುಷಿ ಕಾಣಲು ಶುರುವಾಗಿದೆ. ಎಲ್ಲಾ ಕಾಣುತ್ತಿದ್ದರೂ ಥಂಡರ್‌ಹೆಡ್ ಸುಮ್ಮನಿರಬೇಕು. ಮೊದಲ ಪುಸ್ತಕದಲ್ಲಿ ಅಧ್ಯಾಯಗಳ ನಡುವೆ ಸೈದ್‌ಗಳ ದಿನಚರಿ ಪುಟಗಳು ಬಂದರೆ, ಎರಡನೆಯದರಲ್ಲಿ ಆ ಜಾಗದಲ್ಲಿ ಥಂಡರ್‌ಹೆಡ್ ತಾನೇ ಮಾತಾಡುತ್ತದೆ. ಕೈಕಟ್ಟಿ ಹಾಕಿದ ತಾಯಿಯೊಬ್ಬಳು ಮಾತಾಡಿದ ಹಾಗಿದೆ. ಮೊದಲ ಪುಸ್ತಕಕ್ಕಿಂತ ಎರಡನೆಯದು ಮೇಲು ಅಂತ ನಾನು ಗಟ್ಟಿಯಾಗಿ ಹೇಳಬಲ್ಲ ಸರಣಿಗಳು ಜಾಸ್ತಿ ಇಲ್ಲ, ಇದು ಅದರಲ್ಲಿ ಒಂದು.

ಮೂರನೆಯದು 600 ಪುಟ ದಾಟುತ್ತದೆ. ಶುರುವಿನಲ್ಲಿ ಕಾಲ ಹಿಂದೆ ಮುಂದೆ ಓಡಾಡುತ್ತದೆ, ಹೊಸ ಜನ ಬರುತ್ತಾರೆ, ಸ್ವಲ್ಪ ಎಳೆದ ಹಾಗೆ ಅನ್ನಿಸಿತು ನನಗೆ. ಮೊದಲ 100 ಪುಟ ತಾಳ್ಮೆಯಿಂದ ದಾಟಿ. ಭಾಷೆ ಮೂರರಲ್ಲೂ ಸಲೀಸು. ಅಧ್ಯಾಯಗಳು ಚಿಕ್ಕವು. ದಿನಚರಿ ಪುಟಗಳ ಇಂಗ್ಲಿಷ್ ಮಾತ್ರ ಸ್ವಲ್ಪ ಗಟ್ಟಿ, ಅದನ್ನು ನಿಧಾನವಾಗಿ ಓದಿ, ಹಾರಿಸಬೇಡಿ. ಇನ್ನೊಂದು ವಿಷಯ, ಗುಂಪು ಗುಂಪಾಗಿ ಜನರನ್ನು ಕೊಲ್ಲುವ ದೃಶ್ಯಗಳು ಇದರಲ್ಲಿವೆ. ತಮ್ಮನ ಕೈಗೆ ಈಗಲೇ ಕೊಡಬೇಡಿ.

ಮೇಜ್ ರನ್ನರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೆಸರು ಬಿಟ್ಟು ಬೇರೇನೂ ನೆನಪಿಲ್ಲದ ಹುಡುಗ ಕತ್ತಲೆಯ ಲಿಫ್ಟಿನಲ್ಲಿ ಎಚ್ಚರಾಗುತ್ತಾನೆ, ಮೇಲೆ ಬಂದರೆ ಸುತ್ತ ಗೋಡೆ, ಗೋಡೆಯಾಚೆ ಚಕ್ರವ್ಯೂಹ. ಶುರು ಬಹಳ ಚೆನ್ನಾಗಿದೆ. ನಿಮಗೆ ಅಖಾಡದ ಓಟವೇ ಇಷ್ಟವಾಗಿದ್ದರೆ ಇದನ್ನು ಎರಡು ದಿನದಲ್ಲಿ ಮುಗಿಸುತ್ತೀರಿ. ಆದರೆ ಆ ಚಕ್ರವ್ಯೂಹ ಯಾಕೆ ಕಟ್ಟಿದರು ಅನ್ನುವುದಕ್ಕೆ ಎರಡನೆಯ, ಮೂರನೆಯ ಪುಸ್ತಕ ಕೊಡುವ ಉತ್ತರ ನನಗೆ ಸಾಲಲಿಲ್ಲ. ಇನ್ನೊಂದು, ಅಲ್ಲಿನ ಹುಡುಗರು ತಮ್ಮದೇ ಬೈಗುಳ, ತಮ್ಮದೇ ಪದ ಮಾಡಿಕೊಂಡಿದ್ದಾರೆ. ಶಕ್, ಕ್ಲಂಕ್ ಅಂತೆಲ್ಲಾ ಬರುತ್ತದೆ. ಅದನ್ನೆಲ್ಲಾ ಡಿಕ್ಷನರಿಯಲ್ಲಿ ಹುಡುಕಲು ಹೋಗಬೇಡಿ, ಆ ಅರ್ಥಕ್ಕೆ ಸಿಗುವುದಿಲ್ಲ. ಓದುತ್ತಾ ಹೋದರೆ ತಾನೇ ಗೊತ್ತಾಗುತ್ತದೆ.

ಲೂನಾರ್ ಕ್ರಾನಿಕಲ್ಸ್ ಮಾತ್ರ ಬಿಡಬೇಡಿ, ಇದನ್ನು ಎರಡನೇ ಸರಣಿಯಾಗಿ ಇಟ್ಟುಕೊಳ್ಳಿ. ಮರಿಸ್ಸಾ ಮೇಯರ್ ಬರೆದದ್ದು, 2012ರಿಂದ 2015ರವರೆಗೆ ಸಿಂಡರ್, ಸ್ಕಾರ್ಲೆಟ್, ಕ್ರೆಸ್, ವಿಂಟರ್ ಅಂತ ನಾಲ್ಕು ಮುಖ್ಯ ಪುಸ್ತಕ. ಸಿಂಡ್ರೆಲಾ ಕಥೆಯೇ, ಆದರೆ ಹುಡುಗಿ ಅರ್ಧ ಯಂತ್ರ. ನ್ಯೂ ಬೀಜಿಂಗ್ ಮಾರ್ಕೆಟ್ಟಿನಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾಳೆ. ಪುಸ್ತಕ ಶುರುವಾಗುವುದೇ ಅವಳ ಕಣಕಾಲಿನ ತುಕ್ಕು ಹಿಡಿದ ಸ್ಕ್ರೂನಿಂದ. ಚಿಕ್ಕವಳಿದ್ದಾಗ ಹಾಕಿದ ಲೋಹದ ಪಾದ ಈಗ ಸಣ್ಣದಾಗಿದೆ, ಅದನ್ನು ಬಿಚ್ಚಿ ದೊಡ್ಡದು ಹಾಕಿಕೊಳ್ಳಬೇಕು. ಕಾಲಿಗೆ ಸರಿಹೊಂದುವ ಚಪ್ಪಲಿಯ ಕಥೆಯನ್ನು ಹೀಗೆ ತಿರುಗಿಸಿದ್ದು ನೋಡಿ ನನಗೆ ಎಷ್ಟು ಸಂತೋಷವಾಯಿತು ಅಂದರೆ ಆ ಪುಟವನ್ನು ತಂಗಿಗೆ ಓದಿ ಹೇಳಿದ್ದೆ. ಪ್ರತಿ ಪುಸ್ತಕಕ್ಕೂ ಹೊಸ ನಾಯಕಿ ಸೇರುತ್ತಾಳೆ, ಹಳಬರೂ ಇರುತ್ತಾರೆ. ಸೈದ್ ಓದಿ ಮನಸ್ಸು ಭಾರವಾದಾಗ ಇದು ಒಳ್ಳೆಯ ಜೊತೆ. ಕೊನೆಯ ವಿಂಟರ್ 800 ಪುಟದ ಮೇಲಿದೆ, ಆದರೂ ಓಡುತ್ತದೆ.

ಬೇರೆ ಏನಾದರೂ ಇದೆಯಾ ಅಂದಿರಲ್ಲ, ಇದೆ. ಪ್ಯಾಟ್ರಿಕ್ ನೆಸ್ ಅವರ ಕೇಯಾಸ್ ವಾಕಿಂಗ್. 2008ರಿಂದ 2010ರವರೆಗೆ ಮೂರು ಪುಸ್ತಕ, ಮೂರನೆಯದಕ್ಕೆ 2011ರಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕ ಬಂತು. ಬೇರೊಂದು ಗ್ರಹದ ಊರು. ಅಲ್ಲಿ ಗಂಡಸರ ಮನಸ್ಸಿನಲ್ಲಿ ಓಡುವುದೆಲ್ಲಾ ಎಲ್ಲರಿಗೂ ಕೇಳಿಸುತ್ತದೆ. ಟಾಡ್ ಅನ್ನುವ ಹುಡುಗನ ನಾಯಿಯ ಮಾತೂ ಕೇಳಿಸುತ್ತದೆ. ಟಾಡ್‌ಗೆ ಓದು ಸರಿಯಾಗಿ ಬರುವುದಿಲ್ಲ. ಅಮ್ಮ ಬರೆದಿಟ್ಟ ಪುಸ್ತಕವೊಂದು ಅವನ ಚೀಲದಲ್ಲಿದೆ. ಊರು ಬಿಟ್ಟು ಓಡುವಾಗಲೂ ಅದನ್ನು ಎದೆಗೆ ಅವುಚಿಕೊಂಡಿರುತ್ತಾನೆ, ಆದರೆ ಓದಲಾರ. ಓದಿಕೊಡಲಾ ಅಂತ ಯಾರಾದರೂ ಕೇಳಿದರೆ ಸಿಟ್ಟು. ಕೊನೆಗೆ ವಯೋಲಾ ಅನ್ನುವ ಹುಡುಗಿ ಓದಿ ಹೇಳುತ್ತಾಳೆ.

ನಮ್ಮಜ್ಜಿಗೂ ಓದು ಬರುತ್ತಿರಲಿಲ್ಲ. ದೊಡ್ಡಪ್ಪ ಮುಂಬೈಯಿಂದ ಬರೆದ ಇನ್‌ಲ್ಯಾಂಡ್ ಪತ್ರವನ್ನು ನಾನು ಓದಿ ಹೇಳಬೇಕಿತ್ತು. ಓದಿ ಮುಗಿಸಿದ ಮೇಲೂ ಪತ್ರ ಇಸಿದುಕೊಂಡು, ಬರೆದ ಜಾಗದ ಮೇಲೆ ಬೆರಳಾಡಿಸಿ, ಮಡಿಸಿ ಟ್ರಂಕಿನಲ್ಲಿ ಇಡುತ್ತಿದ್ದಳು. ವಯೋಲಾ ಓದುವ ಆ ಪುಟಗಳಲ್ಲಿ ನನಗೆ ಕಂಡಿದ್ದು ಅಜ್ಜಿಯ ಆ ಬೆರಳು. ಈ ಸರಣಿಯ ಎರಡನೇ ಪುಸ್ತಕವೂ ಗಟ್ಟಿ. ಒಂದೇ ತೊಂದರೆ, ಟಾಡ್ ಮಾತಾಡಿದ ಹಾಗೇ ಬರೆದಿದ್ದಾರೆ, ಸ್ಪೆಲಿಂಗ್ ಬೇಕಂತಲೇ ತಪ್ಪಿರುತ್ತದೆ. ಷನ್ ಅಂತ ಮುಗಿಯುವ ಪದಗಳನ್ನು ಕೇಳಿದ ಹಾಗೇ ಬರೆಯುತ್ತಾನೆ. ನಮ್ಮಂಥವರಿಗೆ ಮೊದಲ ಕೆಲವು ಪುಟ ಕಷ್ಟ. ಮನಸ್ಸಿನಲ್ಲೇ ಜೋರಾಗಿ ಓದಿಕೊಳ್ಳಿ, ಆಗ ಕಿವಿಗೆ ಅರ್ಥವಾಗುತ್ತದೆ. ಇದು ನಿಮಗೆ ಮೂರನೇ ಸರಣಿ ಆಗಲಿ.

ತಮ್ಮನಿಗೆ ಲೋಯಿಸ್ ಲೌರಿ ಅವರ ದಿ ಗಿವರ್. 1993ರದ್ದು. ಹೆಚ್ಚು ಕಡಿಮೆ 200 ಪುಟ, ಸರಳ ಇಂಗ್ಲಿಷ್. ನೋವೇ ಇಲ್ಲದ ಊರಿನಲ್ಲಿ 12ನೇ ವಯಸ್ಸಿಗೆ ಪ್ರತಿ ಮಗುವಿಗೂ ಹಿರಿಯರು ಕೆಲಸ ನಿಗದಿ ಮಾಡುತ್ತಾರೆ. ಜೋನಸ್‌ಗೆ ಸಿಗುವುದು ಇಡೀ ಊರಿನ ಪರವಾಗಿ ನೆನಪುಗಳನ್ನು ಇಟ್ಟುಕೊಳ್ಳುವ ಕೆಲಸ. ಕೂಸೊಂದರ ವಿಷಯ ಬರುವ ಒಂದು ದೃಶ್ಯ ಬಹಳ ಕಲಕುತ್ತದೆ, ಆ ಅಧ್ಯಾಯ ಓದುವಾಗ ನೀವು ಅವನ ಪಕ್ಕದಲ್ಲಿ ಕೂತಿರಿ. ಅವನು ಕೇಳುವ ಪ್ರಶ್ನೆಗಳಿಗೆ ಅವಸರ ಮಾಡದೆ ಉತ್ತರ ಕೊಡಿ.

ಕೊಳ್ಳುವಾಗ ಒಂದೇ ಸಲ ಪೂರ್ತಿ ಸೆಟ್ ತೆಗೆದುಕೊಳ್ಳಬೇಡಿ. ಕಿಂಡಲ್ ಆ್ಯಪ್‌ನಲ್ಲಿ ಮೊದಲ ಕೆಲವು ಅಧ್ಯಾಯ ಪುಕ್ಕಟೆ ಸಿಗುತ್ತವೆ, ಅದನ್ನು ಓದಿ ನೋಡಿ. ಬೆಂಗಳೂರಿಗೆ ಬರುವುದಿದ್ದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ, ಇಂಥ ಪುಸ್ತಕ ಅರ್ಧ ಬೆಲೆಗೂ ಸಿಕ್ಕಿದ್ದುಂಟು. ಹಂಗರ್ ಗೇಮ್ಸಿನದ್ದೇ ಹಿಂದಿನ ಕಥೆಗಳು 2020ರಲ್ಲಿ ಒಂದು, 2025ರಲ್ಲಿ ಒಂದು ಬಂದಿವೆ. ಅವನ್ನು ಈಗ ಮುಟ್ಟಬೇಡಿ, ಒಂದು ವರ್ಷ ಬಿಟ್ಟು ಮೂರನ್ನೂ ಮತ್ತೆ ಓದಿದ ಮೇಲೆ ಓದಿ.

ಆದರೆ ಸೈದ್ ಇಷ್ಟವಾಗಿ ಥಂಡರ್‌ಹೆಡ್ ಕೈಗೆತ್ತಿಕೊಂಡರೆ, ದಿ ಟೋಲ್ ಆಗಲೇ ಮನೆಯಲ್ಲಿರಲಿ. ಥಂಡರ್‌ಹೆಡ್ ನಿಲ್ಲುವ ಜಾಗ ಅಂಥದ್ದು. ನಾನು ಅದನ್ನು ರಾತ್ರಿ ಎರಡು ಗಂಟೆಗೆ ಮುಗಿಸಿದೆ, ಮುಂದಿನ ಪುಸ್ತಕ ಕೈಗೆ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನವೂ ಥಂಡರ್‌ಹೆಡ್‌ನ ಕೊನೆಯ ಅಧ್ಯಾಯವನ್ನೇ ಮತ್ತೆ ಮತ್ತೆ ಓದುತ್ತಿದ್ದೆ.